ನಾನೂರು ಸಾಲಿನ ಅಂಚು

೧೬ ಸೆಪ್ಟೆಂಬರ್ ೨೦೨೫, ಮಂಗಳವಾರ. ಮೊಳಕಾಲ್ಮೂರು

ರಿಪೇರಿಗೆ ಬಂದ ಯಂತ್ರದ ಚರಿತ್ರೆಯನ್ನು ಮೊದಲು ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಈ ಸಲ ಯಂತ್ರ ನನ್ನದೇ. ಆದರೂ ಬರೆಯುತ್ತೇನೆ.

ಇವತ್ತು ಹನ್ನೊಂದೂವರೆಗೆ ಈಶ್ವರಮ್ಮನವರ ಸೀರೆಯ ಅಂಚಿನ ನಕ್ಷೆಯ ಫೈಲನ್ನು ತೆರೆಯಲು ಹೋದೆ. ಡಿಸ್ಕ್ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಒಣಗಿದ ಕಡಲೆಕಾಯಿಯನ್ನು ಬೆರಳಲ್ಲಿ ಒಡೆದ ಹಾಗೆ, ಅದಕ್ಕಿಂತ ಜೋರಲ್ಲ. ಇಪ್ಪತ್ತೈದು ವರ್ಷ ಚಳ್ಳಕೆರೆಯಲ್ಲಿ ಊರವರ ಕಂಪ್ಯೂಟರುಗಳನ್ನು ಬಿಚ್ಚಿ ಕೂಡಿಸಿದವನಿಗೆ ಆ ಸದ್ದಿನ ಅರ್ಥವನ್ನು ಬೇರೆಯವರು ಹೇಳಬೇಕಿಲ್ಲ. ಒಳಗಿನ ಮುಳ್ಳು ಓದಬೇಕಾದ ಜಾಗವನ್ನು ಹುಡುಕುತ್ತಿದೆ, ಸಿಗುತ್ತಿಲ್ಲ.

ಮೂರನೆಯ ಸಲಕ್ಕೆ ಅಂಚು ಪರದೆಯ ಮೇಲೆ ಬಂತು. ನಾನೂರು ಸಾಲು, ಸಾಲಿಗೆ ನೂರಿಪ್ಪತ್ತು ಚೌಕ, ಹತ್ತು ಗಿಳಿ. ಬಂದದ್ದೇ ತಡ, ಮಗ್ಗದ ರಟ್ಟಿನ ಕಾರ್ಡಿಗೆ ತೂತು ಹೊಡೆಯುವ ಆದೇಶ ಕೊಟ್ಟೆ. ಪ್ರೋಗ್ರಾಮು ಮತ್ತೆ ಡಿಸ್ಕಿಗೆ ಹೋಯಿತು. ಟಕ್. ಫೈಲು ಓದಲಾಗುತ್ತಿಲ್ಲ ಎಂಬ ಉತ್ತರ. ಫ್ಲಾಪಿಯಲ್ಲಾದರೂ ಉಳಿಸೋಣವೆಂದರೆ, ಫ್ಲಾಪಿ ಡ್ರೈವ್ ಕೆಟ್ಟು ಎಷ್ಟೋ ವರ್ಷಗಳಾದದ್ದು ಆಗ ನೆನಪಾಯಿತು. ಪೆನ್ ಡ್ರೈವನ್ನು ಈ ಯಂತ್ರ ಗುರುತಿಸುವುದಿಲ್ಲ, ಪ್ರಿಂಟರಂತೂ ಇಲ್ಲ.

ಅಂದರೆ ಸ್ಥಿತಿ ಹೀಗೆ. ಡಿಸ್ಕಿನಲ್ಲಿ ಆ ಅಂಚು ಇನ್ನಿಲ್ಲ. ಪರದೆಯ ಮೇಲಿರುವುದು ಯಂತ್ರದ ಗಳಿಗೆಯ ನೆನಪಿನಲ್ಲಿರುವ ಪ್ರತಿ. ವಿದ್ಯುತ್ ಇರುವವರೆಗೆ ಇರುತ್ತದೆ. ಯಂತ್ರ ಆರಿದರೆ ಹೋಯಿತು.

ಮಧ್ಯಾಹ್ನ ಈಶ್ವರಮ್ಮ ಬಂದು ಬಾಗಿಲಲ್ಲೇ ನಿಂತರು. ಎಪ್ಪತ್ತರ ಹತ್ತಿರದ ಹೆಂಗಸು. ಮಗ್ಗದ ಗುಂಡಿಯಲ್ಲಿ ಕೂತೂ ಕೂತೂ ಎಡಕ್ಕೆ ವಾಲಿದ್ದಾರೆ.

"ಆತೇನಪ್ಪಾ ಶಿವರಾಮಪ್ಪ, ನಮ್ ಕಾರ್ಡು?"

"ಇನ್ನೊಂದೆರಡು ದಿನ ಆಗ್ತೈತ್ರಿ ಅಮ್ಮ."

"ಹಾಸಿನ ನೂಲು ಏರ್ಸಿ ಕೂತೀವಿ. ಮಗ್ಗ ಬಾಯಿ ತಕ್ಕೊಂಡು ನನ್ನೇ ನೋಡ್ತೈತೆ. ಹಳೇ ಕಾರ್ಡು ಇಲಿ ತಿಂದಾವೆ ನೋಡು, ಗಿಳಿ ನುಂಗಿ ಬರೀ ಕೊಕ್ಕು ಉಳಿಸ್ಯಾವೆ."

ನಾನು ನಕ್ಕೆ. ಪರದೆ ಅವರಿಗೆ ಕಾಣದ ಹಾಗೆ ಕುರ್ಚಿ ಸರಿಸಿಕೊಂಡಿದ್ದು ಆಮೇಲೆ ಗಮನಕ್ಕೆ ಬಂತು.

೧೭ ಸೆಪ್ಟೆಂಬರ್, ಬುಧವಾರ

ಚರಿತ್ರೆಯಲ್ಲಿ ನಿನ್ನೆ ಬಿಟ್ಟ ಭಾಗ.

೨೦೦೯ರಲ್ಲಿ ಈ ಬೀದಿಯಲ್ಲಿ ಡಿಸೈನ್ ಕೇಂದ್ರ ತೆರೆದೆ. ವಾರಕ್ಕೆರಡು ದಿನ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುವುದು, ನೇಕಾರರ ನಕ್ಷೆಯನ್ನು ಕಂಪ್ಯೂಟರಿಗೆ ಹಾಕುವುದು, ಮಗ್ಗದ ಮೇಲಿನ ಜಕಾರ್ಡು ನಕ್ಷೆ ಓದಿಕೊಳ್ಳುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಕೊಡುವುದು. ಯಂತ್ರ ಆಗಲೇ ಹಳೆಯದು, ವಿಂಡೋಸ್ ೯೮. ನಕ್ಷೆಯ ಪ್ರೋಗ್ರಾಮು ಮಾರಿದ ಕಂಪನಿ ಮೂರೇ ವರ್ಷಕ್ಕೆ ಮುಚ್ಚಿತು. ಅದರ ಫೈಲುಗಳು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಯಂತ್ರದ ಬೆನ್ನಿಗೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ದೊಡ್ಡ ಬೀಗವೊಂದಿದೆ. ಅದಿಲ್ಲದಿದ್ದರೆ ಪ್ರೋಗ್ರಾಮೇ ಏಳುವುದಿಲ್ಲ.

ಆ ಬೀಗ ತೋರಿಸಿಯೇ ನಾನು ಬೀದಿಯ ನೇಕಾರರನ್ನು ಒಪ್ಪಿಸಿದ್ದು. ಆಗ ನಕ್ಷೆಗಳ ಕಳ್ಳತನ ಜೋರಾಗಿತ್ತು. ಯಾರೋ ಮನೆಗೆ ಬಂದು ಗ್ರಾಫ್ ಹಾಳೆ ನೋಡಿ ಹೋಗುವುದು, ಎರಡು ತಿಂಗಳಿಗೆ ಅದೇ ಅಂಚು ಎಲ್ಲಿಯದೋ ಪವರ್‌ಲೂಮಿನಲ್ಲಿ ಬರುವುದು. ಕಾಗದಕ್ಕೆ ಬೀಗವಿಲ್ಲ, ಇದಕ್ಕಿದೆ ಎಂದೆ. ಕಾಗದ ಮನೆಯಲ್ಲಿ ಇರಲೇಬಾರದು ಎಂದೆ. ಆ ವರ್ಷದ ಆಯುಧಪೂಜೆಯ ದಿನ ನಲವತ್ತೊಂದು ಮನೆಯವರು ತಮ್ಮ ಗ್ರಾಫ್ ಹಾಳೆಗಳಿಗೆ ಅರಿಶಿನ ಕುಂಕುಮ ಹಚ್ಚಿ ತಂದು ಈ ಕೇಂದ್ರದ ಮುಂದೆ ಸುಟ್ಟರು. ಆಯುಧ ಬದಲಾಯಿತು, ಹಳೆಯದನ್ನು ಮರ್ಯಾದೆಯಿಂದ ಕಳಿಸಬೇಕು ಎಂಬ ಲೆಕ್ಕ. ಈಶ್ವರಮ್ಮ ತಂದದ್ದು ಅವರ ಮಾವ ಬಿಡಿಸಿದ ಹಾಳೆ. ಬೆಂಕಿಗೆ ಹಾಕುವ ಮೊದಲು ಅದನ್ನು ಎರಡು ಸಲ ಮಡಿಸಿದ್ದು ಮಾತ್ರ ನನಗೆ ನೆನಪಿದೆ.

ಬೀದಿಯಲ್ಲಿ ಅದಾದ ಮೇಲೆ ಯಾರೂ ಕಾಗದ ಇಟ್ಟುಕೊಳ್ಳಲಿಲ್ಲ. ಸೀರೆಯನ್ನಂತೂ ಅವರು ಎಂದೂ ಇಟ್ಟುಕೊಂಡವರಲ್ಲ, ನೇಯ್ದದ್ದೆಲ್ಲ ಮಾರಾಟಕ್ಕೆ.

ನಿನ್ನೆ ಸಂಜೆ ಬಸ್ಸು ಹತ್ತಲಿಲ್ಲ. ಯುಪಿಎಸ್ ನಲವತ್ತು ನಿಮಿಷ ಎಳೆಯುತ್ತದೆ. ಚಳ್ಳಕೆರೆಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ಹೊರಡಲಾಗಲಿಲ್ಲ. ಹೆಂಡತಿ ನಿರ್ಮಲಾ ಫೋನ್ ಮಾಡಿದಳು.

"ಊಟಕ್ಕೇನು ಮಾಡ್ತೀರ ಅಲ್ಲಿ?"

"ಹೋಟ್ಲು ಐತಲ್ಲ."

"ಕೆಟ್ಟಿದ್ದು ಯಂತ್ರ ತಾನೆ? ನಿಮ್ ದನಿ ಯಾಕೆ ಹಂಗೈತೆ?"

ಸಿಗ್ನಲ್ ಸರಿಯಿಲ್ಲ ಎಂದೆ.

೧೯ ಸೆಪ್ಟೆಂಬರ್, ಶುಕ್ರವಾರ

ಮಾರುತಿ ಬಂದಿದ್ದ. ನನ್ನಿವಾಳದವನು, ಒಂದು ಕಾಲಕ್ಕೆ ನನ್ನ ಅಂಗಡಿಯ ಎದುರೇ ಅಂಗಡಿ ಇಟ್ಟು ನನ್ನ ಗಿರಾಕಿಗಳನ್ನು ಕಿತ್ತುಕೊಂಡವನು. ಈಗ ಕುದಾಪುರದ ವಿಜ್ಞಾನ ಕ್ಯಾಂಪಸ್ಸೊಂದರಲ್ಲಿ ಗುತ್ತಿಗೆ ತಂತ್ರಜ್ಞ. ಸ್ಕೂಟರಿನ ಹಿಂದೆ ಒಂದು ಇನ್ವರ್ಟರ್ ಕಟ್ಟಿಕೊಂಡು ತಂದ. ಕರೆಂಟು ಹೋದಾಗ ಯುಪಿಎಸ್ಸಿನ ತಂತಿಯನ್ನು ಗೋಡೆಯಿಂದ ಕಿತ್ತು ಇದಕ್ಕೆ ಸಿಕ್ಕಿಸಬೇಕು; ಮೂರು ಗಂಟೆ ಸಿಗುತ್ತದೆ.

ಯಂತ್ರದ ಹಿಂದೆ ಬಗ್ಗಿ ನೋಡಿ ಅವನು ಶಿಳ್ಳೆ ಹೊಡೆದ.

"ಶಿವರಾಮಣ್ಣ, ನಮ್ ಕ್ಯಾಂಪಸ್ಸಿನಾಗೆ ಇರೋ ಯಂತ್ರ ಆಕಾಶದಾಗಿನ ಲೆಕ್ಕ ಮಾಡ್ತೈತೆ. ಅದರ ಮುಂದೆ ಇದನ್ನಿಟ್ರೆ, ಯಾರಪ್ಪ ಈ ಅಜ್ಜ ಅಂತ ಕೇಳ್ತೈತೆ."

"ಅಜ್ಜನ್ನ ಉಳಿಸೋಕಾಗ್ತೈತಾ ಹೇಳು."

"ಡಿಸ್ಕ್ ಬಿಚ್ಚಿ ಕೊಡ್ರಿ. ಬೆಂಗ್ಳೂರಿನಾಗೆ ಮಾಡೋರು ಅದಾರೆ. ಉಳಿದ ಮನೆಯೋರ ಫೈಲಾದ್ರೂ ಸಿಗಬಹುದು, ಅರ್ಧಕ್ಕರ್ಧ."

"ಬಿಚ್ಚಬೇಕಂದ್ರೆ ಆರಿಸ್ಬೇಕು."

"ಹೂಂ. ಆಗ ಪರದೆ ಮೇಲಿಂದು ಹೋಗ್ತೈತೆ." ಅವನು ಕೂತುಕೊಂಡ. "ಅದಕ್ಕೇ ನಾನು ಲಿನಕ್ಸ್ ಲಿನಕ್ಸ್ ಅಂತ ಬಡ್ಕೊಂತಿದ್ದೆ. ನೀವು ನಗ್ತಿದ್ರಿ. ಫೈಲು ಅಂದ್ರೆ ಯಾರು ಬೇಕಾದ್ರೂ ಓದೋ ಹಂಗಿರ್ಬೇಕು. ಬೀಗ ಹಾಕಿದೋನೇ ಸತ್ರೆ ಬೀಗದಕೈ ಯಾರತ್ರ ಕೇಳ್ತೀರಿ?"

ಫೋನಿನಲ್ಲಿ ಪರದೆಯ ಫೋಟೋ ತೆಗೆಯೋಣ ಎಂದ. ತೆಗೆದೆವು. ಹಳೆಯ ಪಿಕ್ಚರ್ ಟ್ಯೂಬು. ಪ್ರತಿ ಫೋಟೋದಲ್ಲೂ ಕಪ್ಪು ಪಟ್ಟಿಯೊಂದು ಅಡ್ಡ ಮಲಗಿತ್ತು, ಉಬ್ಬಿದ ಗಾಜಿನ ಅಂಚಿನಲ್ಲಿ ಚೌಕಗಳು ಒಂದರೊಳಗೊಂದು ಸೇರಿದ್ದವು. ಒಂದು ಚೌಕ ತಪ್ಪಿದರೂ ಆ ಸಾಲಿನಿಂದಾಚೆಗೆ ಇಡೀ ಅಂಚು ಸೊಟ್ಟ. ಅಲ್ಲದೆ, ಫೋನು ಎಲ್ಲ ಫೋಟೋಗಳನ್ನೂ ನನ್ನನ್ನು ಕೇಳದೆ ಎಲ್ಲಿಗೋ ಕಳಿಸಿಕೊಳ್ಳುತ್ತದೆ. ಕಳ್ಳತನದ ಭಯಕ್ಕೆ ಕಾಗದ ಸುಡಿಸಿದವನು ನಾನು. ಅಳಿಸಿಹಾಕಿದೆ.

ಉಳಿದ ದಾರಿ ಒಂದೇ, ನಿನ್ನೆಯೇ ಶುರು ಮಾಡಿದ್ದೇನೆ. ಪುಸ್ತಕದಂಗಡಿಯಿಂದ ಗ್ರಾಫ್ ಹಾಳೆ ತಂದು, ಪರದೆ ನೋಡಿ, ಎಣಿಸಿ, ಪೆನ್ಸಿಲಿನಲ್ಲಿ ತುಂಬುವುದು. ಇವತ್ತಿಗೆ ಮೂವತ್ತೊಂದು ಸಾಲು. ಪರದೆಯನ್ನು ಪಕ್ಕಕ್ಕೆ ಸರಿಸಲು ಬಾಣದ ಗುಂಡಿ ಒತ್ತಬೇಕಾದಾಗಲೆಲ್ಲ ಉಸಿರು ಹಿಡಿಯುತ್ತೇನೆ.

ಈಶ್ವರಮ್ಮ ಇವತ್ತೂ ಬಂದಿದ್ದರು. ರಟ್ಟು ಬಂದಿಲ್ಲ ಎಂದೆ. ರಟ್ಟಿನ ಕಟ್ಟು ನನ್ನ ಹಿಂದೆಯೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಹೋದರು.

೨೨ ಸೆಪ್ಟೆಂಬರ್, ಸೋಮವಾರ

ನವರಾತ್ರಿ ಶುರು. ತೊಂಬತ್ತೆಂಟು ಸಾಲು.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಶಾಂತವೀರಪ್ಪ ಫೋನ್ ಮಾಡಿದ್ದರು. ಅವರ ಆಫೀಸಿನ ಕಂಪ್ಯೂಟರು ಅಕ್ಟೋಬರ್ ಹದಿನಾಲ್ಕಕ್ಕೆ ತನ್ನ ವಿಂಡೋಸ್ ೧೦ರ ಅವಧಿ ಮುಗಿಯುತ್ತದೆಂದು ಪರದೆ ತುಂಬ ಬರೆದು ತೋರಿಸುತ್ತಿದೆಯಂತೆ.

"ಏನ್ರೀ ಶಿವರಾಮ, ಹದಿನಾಲ್ಕಕ್ಕೆ ನಂದು ಸಾಯ್ತೈತೇನ್ರೀ? ದಿನ ಗೊತ್ತುಮಾಡ್ಕೊಂಡು ಸಾಯೋದು ಭೀಷ್ಮ ಒಬ್ಬನೇ ಅನ್ಕಂಡಿದ್ದೆ."

"ಸಾಯಲ್ಲ. ಆಮೇಲೆ ಕಂಪನಿಯೋರು ಅದನ್ನ ವಿಚಾರಿಸ್ಕೊಳ್ಳಲ್ಲ ಅಷ್ಟೆ."

"ಅಂದ್ರೆ ಬದುಕಿದ್ದು ಸತ್ತಂಗೆ ಅನ್ರಿ."

ಹೌದೆಂದೆ. ಫೋನಿಟ್ಟ ಮೇಲೆ ಅದನ್ನೇ ಯೋಚಿಸಿದೆ. ಹೊಸ ವ್ಯವಸ್ಥೆ ಹಾಕಲು ಅವರ ಯಂತ್ರದ ಮದರ್‌ಬೋರ್ಡಿನಲ್ಲಿ ಬೇಕಾದ ಒಂದು ಸಣ್ಣ ಚಿಪ್ಪಿಲ್ಲ. ಮಿಕ್ಕಿದ್ದೆಲ್ಲ ಗಟ್ಟಿಯಾಗಿದೆ. ಎಂಟು ವರ್ಷದ ಯಂತ್ರ, ಎಂಟು ವರ್ಷದ ಎತ್ತಿನಷ್ಟೂ ದಣಿದಿಲ್ಲ. ಆದರೂ ಎಸೆಯಬೇಕು.

ಹಳೆಯ ವಿಂಡೋಸಿನ ಬಗ್ಗೆ ನನಗಿದ್ದ ಗೌರವಕ್ಕೆ ಕಾರಣ, ಅದು ಕೆಟ್ಟರೆ ಕೆಟ್ಟಿದ್ದೇನೆ ಎನ್ನುತ್ತಿತ್ತು. ನೀಲಿ ಪರದೆ, ಬಿಳಿ ಅಕ್ಷರ, ಅರ್ಥವಾಗದ ಅಂಕಿ, ಆದರೆ ಸುಳ್ಳಲ್ಲ. ಹೊಸವು ಕೆಟ್ಟಾಗ ಏನೋ ತೊಂದರೆಯಾಗಿದೆ, ಸ್ವಲ್ಪ ಕಾಯಿರಿ ಎಂದು ಸುತ್ತುವ ಚುಕ್ಕಿಗಳನ್ನು ತೋರಿಸುತ್ತವೆ. ಹಾಗೆ ಬರೆದ ಮೇಲೆ ಇನ್ನೊಂದೆರಡು ದಿನ, ರಟ್ಟು ಬಂದಿಲ್ಲ ಎಂದು ನಾನು ಹೇಳಿದ್ದು ನೆನಪಾಯಿತು. ಈ ವಿಷಯ ಇಲ್ಲಿಗೆ ಸಾಕು.

ಈಶ್ವರಮ್ಮನವರ ಮಾವ, ಆ ಮುದುಕ ಬಿಡಿಸಿದ ಗಿಳಿಗಳು ಒಂದೇ ತರಹ ಇಲ್ಲ. ಮೂರನೆಯದರ ಕೊಕ್ಕು ಒಂದು ಚೌಕ ಗಿಡ್ಡ. ಕೈ ತಪ್ಪಿರಬೇಕು.

೨೪ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಒಂಬತ್ತೂ ಐದಕ್ಕೆ ಕರೆಂಟು ಹೋಯಿತು. ನಾನು ಬೀದಿಯ ತುದಿಯ ಹೋಟೆಲಿನಲ್ಲಿದ್ದೆ. ಓಡಿದೆ. ಐವತ್ತೆರಡು ವರ್ಷದ ನಾನು ಚಪ್ಪಲಿ ಬಿಟ್ಟು ಓಡಿದ್ದನ್ನು ಬೀದಿ ನೋಡಿತು. ಇನ್ವರ್ಟರಿನ ಪಕ್ಕ ಯುಪಿಎಸ್ಸಿನ ತಂತಿ ಹಿಡಿದು ಕೂತೆ. ಗೋಡೆಯಿಂದ ಕೀಳಲು ಕೈ ಬರಲಿಲ್ಲ. ಕಿತ್ತು ಸಿಕ್ಕಿಸುವ ಆ ಕ್ಷಣದಲ್ಲೇ ಏನಾದರೂ ಆದರೆ. ಯುಪಿಎಸ್ ಕೂಗುತ್ತಿತ್ತು. ಮೂವತ್ತನೆಯ ನಿಮಿಷಕ್ಕೆ ಕೂಗು ಬಿಗಿಯಾಯಿತು. ಮೂವತ್ತಾರಕ್ಕೆ ಕರೆಂಟು ಬಂತು.

ಗಿಳಿಗಳು ಅಲ್ಲೇ ಇದ್ದವು.

ಎದುರು ಮನೆಯ ಓಬಣ್ಣ ನನ್ನ ಚಪ್ಪಲಿಗಳನ್ನು ತಂದು ಬಾಗಿಲಲ್ಲಿಟ್ಟರು. ತೆಲುಗಿನಲ್ಲಿ ಏನೋ ಅಂದರು. ಹದಿನಾರು ವರ್ಷವಾದರೂ ಅವರ ಮನೆಮಾತು ನನಗೆ ಹತ್ತಿಲ್ಲ. ಬೇಕಾಗಿಯೂ ಇರಲಿಲ್ಲ, ಚೌಕಗಳಿಗೆ ಭಾಷೆಯಿಲ್ಲ. ಅವರದೂ ಒಂದು ಅಂಚು ಇದೇ ಡಿಸ್ಕಿನಲ್ಲಿದೆ. ಅವರಿಗೆ ಗೊತ್ತಿಲ್ಲ.

೨೫ ಸೆಪ್ಟೆಂಬರ್, ಗುರುವಾರ

ಇನ್ನು ಮುಂದೆ ಹೋಟೆಲಿಗೆ ಹೋಗುವುದಿಲ್ಲ. ಬಾಳೆಹಣ್ಣು, ಬ್ರೆಡ್ಡು.

ನೂರ ಅರವತ್ತು.

೨೭ ಸೆಪ್ಟೆಂಬರ್, ಶನಿವಾರ

ಇನ್ನೂರ ಹದಿನೆಂಟು ಸಾಲು. ಅರ್ಧ ದಾಟಿತು.

ಇದರಲ್ಲಿಟ್ಟು ಮರೆತುಬಿಡಿ ಎನ್ನುವುದನ್ನೇ ಈ ಉದ್ಯಮ ಶುರುವಿನಿಂದ ಮಾರುತ್ತ ಬಂದಿದೆ. ಮೊದಲು ಫ್ಲಾಪಿಯಲ್ಲಿ, ಆಮೇಲೆ ಸಿ.ಡಿ.ಯಲ್ಲಿ, ಈಗ ಕ್ಲೌಡ್ ಎಂಬ ಆಕಾಶದಲ್ಲಿ. ಪ್ರತಿ ಸಲವೂ ಹಿಂದಿನದನ್ನು ಓದುವ ಕಿಂಡಿ ಮುಚ್ಚುತ್ತದೆ. ನಾನೂ ಅದನ್ನೇ ಮಾರಿದೆ, ಒಂದು ಬೀದಿಗೆ. ಅವರು ನನ್ನ ಮಾತಿಗೆ ಕಿವಿಗೊಟ್ಟಷ್ಟು ನನ್ನ ಮನೆಯವರೂ ಕೊಟ್ಟಿಲ್ಲ.

ನಿರ್ಮಲಾ ಬಸ್ಸಿನಲ್ಲಿ ಬಂದು ಬಟ್ಟೆ, ರೊಟ್ಟಿ ಕೊಟ್ಟು ಹೋದಳು. ಒಂದು ಗಂಟೆ ನನ್ನ ಹಿಂದೆ ಕೂತು ನಾನು ಎಣಿಸುವುದನ್ನು ನೋಡಿದಳು. ಹೊರಡುವಾಗ ಅಂದಳು, "ಆಯಮ್ಮಂಗೆ ಹೇಳಿಬಿಡ್ರಿ."

"ಮುಗಿದ ಮೇಲೆ ಹೇಳೋದೇ ಬೇಡಲ್ಲ."

"ಮುಗೀದಿದ್ರೆ?"

ಪೆನ್ಸಿಲಿನ ಮೊನೆ ಸವೆದಿತ್ತು. ಕೆತ್ತಿದೆ.

ಒಂದು ಸಮಾಧಾನ. ಕೈ ಪಳಗಿದೆ. ಈಗ ವೇಗ ಬಂದಿದೆ; ಪರದೆ ನೋಡುವ ಮೊದಲೇ ಸಾಲು ಹೇಗಿರುತ್ತದೆಂದು ಗೊತ್ತಾಗುತ್ತದೆ.

೨೯ ಸೆಪ್ಟೆಂಬರ್, ಸೋಮವಾರ

ಮುನ್ನೂರ ಆರು. ಎಂಟನೆಯ ಗಿಳಿಯ ಕೊಕ್ಕೂ ಒಂದು ಚೌಕ ಗಿಡ್ಡ. ಹಾಗಾದರೆ ಕೈ ತಪ್ಪಿದ್ದಲ್ಲ. ಮುದುಕನಿಗೆ ಗಿಡ್ಡ ಕೊಕ್ಕಿನ ಮೇಲೆ ಪ್ರೀತಿ ಇದ್ದಿರಬೇಕು. ಅವನನ್ನು ನಾನು ನೋಡಿಲ್ಲ, ಆದರೆ ಹನ್ನೆರಡು ದಿನದಿಂದ ಅವನ ಕೈಯನ್ನು ಹಿಡಿದೇ ಕೂತಿದ್ದೇನೆ ಅನ್ನಿಸುತ್ತದೆ. ಇಂಥದನ್ನು ಮೊದಲು ಬರೆಯುತ್ತಿರಲಿಲ್ಲ. ನಿದ್ದೆ ಸಾಲದು.

ಮಧ್ಯಾಹ್ನ ಡಿಸ್ಕ್ ತಾನಾಗಿಯೇ ಒಮ್ಮೆ ಟಕ್ ಎಂದಿತು. ನಾನು ಏನನ್ನೂ ಒತ್ತಿರಲಿಲ್ಲ.

೩೦ ಸೆಪ್ಟೆಂಬರ್, ಮಂಗಳವಾರ

ಮುನ್ನೂರ ಮೂವತ್ತೆಂಟು. ಉಳಿದದ್ದು ಅರವತ್ತೆರಡು.

ನಾಳೆ ಆಯುಧಪೂಜೆ ಎಂಬುದನ್ನು ಮರೆತಿದ್ದೆ ಎನ್ನಲಾರೆ. ಯೋಚಿಸದೆ ಇದ್ದೆ. ಅವತ್ತು ಈ ಬೀದಿಯಲ್ಲಿ ಯಾವ ಆಯುಧವೂ ನಡೆಯುವುದಿಲ್ಲ. ಮಗ್ಗ, ರಾಟೆ, ಕತ್ತರಿ, ಎಲ್ಲಕ್ಕೂ ರಜೆ. ಇಲ್ಲಿನ ಕಂಪ್ಯೂಟರಿಗೂ. ಪ್ರತಿ ವರ್ಷ ನಾನು ಅದನ್ನು ಆರಿಸಿ ಒರೆಸಿ ಇಡುತ್ತೇನೆ, ಬೀದಿಯ ಪರವಾಗಿ ಈಶ್ವರಮ್ಮ ಬಂದು ಕುಂಕುಮ ಹಚ್ಚುತ್ತಾರೆ.

ಬೆಳಿಗ್ಗೆ ಅವರು ಕಿಟಕಿಯಲ್ಲಿ ಕಾಣಿಸಿಕೊಂಡರು.

"ನಾಳೆ ಹತ್ತಕ್ಕೆ ಬರ್ತೀನಿ. ಒರ್ಸಿ ಮಡಗಿರು."

"ನಾಳೆ ನಾನಿರಲ್ಲ ಅಮ್ಮ. ಚಳ್ಳಕೆರೆಗೆ ಹೋಗ್ತೀನಿ."

"ಹದಿನೈದು ದಿನದಿಂದ ಹೋಗ್ದೋನು ನಾಳೆ ಹೋಗ್ತೀಯಾ?" ಅವರು ನಗಲಿಲ್ಲ. "ಬೀಗ ಹಾಕ್ಕೊಂಡು ಒಳಗೆ ಕೂತ್ಕೋಬೇಡ. ಪೂಜೆ ತಪ್ಪಿಸಬಾರ್ದು."

ಬೀಗ ಹಾಕಿಕೊಂಡು ಒಳಗೆ ಕೂರುವುದೇ ನಾನು ಮಾಡಿದ ಯೋಜನೆಯಾಗಿತ್ತು.

೧ ಅಕ್ಟೋಬರ್, ಬುಧವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಐದಕ್ಕೇ ಕೂತೆ. ಹತ್ತಕ್ಕೆ ಮುನ್ನೂರ ಎಪ್ಪತ್ತು. ಈಶ್ವರಮ್ಮ ತಟ್ಟೆ ಹಿಡಿದು ಬಂದರು. ಬಾಗಿಲು ತೆರೆದೆ. ತೆರೆಯುವುದಿಲ್ಲ ಎಂದುಕೊಂಡಿದ್ದವನು ಯಾಕೆ ತೆರೆದೆನೋ ತಿಳಿಯದು. ಯಂತ್ರದ ಗಾಳಿಸದ್ದು ಅವರಿಗೆ ಕೇಳಿಸಿತು.

"ಇವತ್ತೂ ದುಡಿಸ್ತೀಯಾ ಅದನ್ನ?"

ಹೇಳಿದೆ. ಡಿಸ್ಕಿನ ಸದ್ದು, ಆರಿಸಿದರೆ ಹೋಗುವುದು, ರಟ್ಟಿನ ಸುಳ್ಳು, ಮೂವತ್ತು ಸಾಲು ಉಳಿದಿರುವುದು. ಒಂದೇ ಉಸಿರಿನಲ್ಲಿ ಹೇಳಿದೆನೆಂದು ಕಾಣುತ್ತದೆ, ಕೊನೆಗೆ ಕೆಮ್ಮು ಬಂತು. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಹದಿನಾರು ವರ್ಷದಲ್ಲಿ ಮೊದಲ ಸಲ. ಅದು ಹೊಳೆದಾಗ ನನಗೇ ಆಶ್ಚರ್ಯವಾಯಿತು: ಅವರ ಅಂಚನ್ನು ಅವರಿಗೆ ಪರದೆಯ ಮೇಲೆ ನಾನು ಎಂದೂ ತೋರಿಸಿರಲಿಲ್ಲ.

ಇಡೀ ಅಂಚು ಕಾಣುವ ಹಾಗೆ ಚಿಕ್ಕದು ಮಾಡಿದೆ. ಬಹಳ ಹೊತ್ತು ನೋಡಿದರು.

"ಇದನ್ನ ಉಳಿಸಾಕೆ ಹದಿನೈದು ದಿನ ಉಪಾಸ ಕೂತಿದ್ಯಾ?"

"ನಿಮ್ಮ ಮಾವನವ್ರದ್ದು ಅಲ್ವಾ ಅಮ್ಮ."

"ಅರ್ಧ ಅವರ್ದು." ಬೆರಳು ಗಾಜಿನ ಮೇಲೆ ಐದನೆಯ ಗಿಳಿಯ ಬಳಿ ನಿಂತಿತು. "ಇಲ್ಲಿಗಂಟ. ಆಮೇಲಿಂದು ನಿಂದು."

ನನಗೆ ಅರ್ಥವಾಗಲಿಲ್ಲ.

"ನಮ್ಮವು ಹತ್ತೂ ಒಂದೇ ಕಡೆ ಹೋಗ್ತಿದ್ವಪ್ಪ. ಕೊನೇದೊಂದು ಮಾತ್ರ ಹಿಂದಕ್ಕೆ ತಿರುಗಿ ನೋಡ್ತಿತ್ತು. ನೀನು ಅರ್ಧಕ್ಕರ್ಧ ಮಾಡಿ ಎದುರುಬದುರು ನಿಲ್ಸೀಯ. ಜಗಳಕ್ಕೆ ನಿಂತಂಗೆ."

ಪರದೆ ನೋಡಿದೆ. ನನ್ನ ಹಾಳೆಗಳನ್ನು ನೋಡಿದೆ. ಮೂರನೆಯದರ ಗಿಡ್ಡ ಕೊಕ್ಕು, ಎಂಟನೆಯದರ ಗಿಡ್ಡ ಕೊಕ್ಕು. ಪರದೆ ನೋಡುವ ಮೊದಲೇ ಗೊತ್ತಾಗುತ್ತಿದ್ದ ಸಾಲುಗಳು. ಆ ಪ್ರೋಗ್ರಾಮಿನಲ್ಲಿ ಕನ್ನಡಿ ಎಂಬ ಆದೇಶವೊಂದಿತ್ತು. ಅರ್ಧ ಬಿಡಿಸಿ ಒತ್ತಿದರೆ ಇನ್ನರ್ಧ ತಾನೇ ಬರುತ್ತಿತ್ತು. ೨೦೦೯ರ ಹಬ್ಬದ ಹಿಂದಿನ ದಿನ ನಲವತ್ತೊಂದು ಹಾಳೆ ಮುಗಿಸಬೇಕಿತ್ತು. ಅಂಚುಗಳೆಲ್ಲ ಎರಡೂ ಕಡೆ ಸಮ ಇರುತ್ತವೆಂದು ಪ್ರೋಗ್ರಾಮಿನ ಪುಸ್ತಕದಲ್ಲಿ ಬರೆದಿತ್ತು. ಒತ್ತಿದೆ. ಮಾರನೆಯ ದಿನ ಹಾಳೆ ಸುಡಿಸಿದೆ.

"ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳಾಕ್ ಬಂದಿದ್ದೆ. ಕಂಪ್ಯೂಟರ್ ತಪ್ಪು ಮಾಡಲ್ಲ, ತಪ್ಪಿದ್ರೆ ಹಾಳೇಲೇ ಇರ್ಬೇಕು ಅಂದಿ. ಹಾಳೆ ಎಲ್ಲೈತೆ ತೋರ್ಸಾಕೆ? ನಮ್ಮ ಯಜಮಾನ್ರು, ಬಿಡು, ಕೊಳ್ಳೋರು ಗಿಳಿ ಮುಖ ನೋಡ್ತಾರಾ ಅಂದ್ರು. ನೇಯ್ದೆ." ಸ್ವಲ್ಪ ತಡೆದು ಅಂದರು, "ಹದಿನಾರು ವರ್ಷ ನಿನ್ನ ಗಿಳಿ ನೇಯ್ದೀನಿ. ಅವೂ ಕೆಟ್ಟವಲ್ಲ ಪಾಪ."

ಕಂಪ್ಯೂಟರ್ ತಪ್ಪು ಮಾಡಲ್ಲ ಎಂದು ಅಂದದ್ದು ನನಗೆ ನೆನಪಿಲ್ಲ. ಆದರೆ ಅದು ನನ್ನದೇ ಮಾತು. ಬೇರೆ ಯಾರೂ ಹಾಗೆ ಹೇಳುವುದಿಲ್ಲ.

ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು. ಹಬ್ಬದ ದಿನ, ತಂತಿಯ ಮೇಲೆ ಎಲ್ಲೋ ತೋರಣ ಬಿದ್ದಿರಬೇಕು. ಹೊಸ ಗ್ರಾಫ್ ಹಾಳೆ ತೆಗೆದು ಅವರ ಮುಂದೆ ಹಾಸಿದೆ. ಇನ್ನೂರ ಒಂದನೆಯ ಸಾಲಿನಿಂದ ಹೊಸದಾಗಿ ತುಂಬಬೇಕು; ಆರರಿಂದ ಒಂಬತ್ತರವರೆಗೆ ಮೊದಲಿನ ಗಿಳಿಗಳನ್ನೇ ನೋಡಿ ಆಮೇಲೆ ಹಾಕಬಹುದು, ಕೊನೆಯದು ಅವರ ನೆನಪಿನಲ್ಲಿ ಮಾತ್ರ.

"ಕೊನೇದು ಎಲ್ಲಿಂದ ತಿರುಗ್ತೈತೆ, ತೋರ್ಸ್ರಿ."

ಅವರು ಬೆರಳಿಟ್ಟು ತೆಲುಗಿನಲ್ಲಿ ಎಣಿಸಿದರು. ಒಕಟಿ, ರೆಂಡು, ಮೂಡು. ನಾನು ತುಂಬಿದೆ. ಗಿಳಿಯ ಕುತ್ತಿಗೆಯ ಸಾಲಿಗೆ ಬಂದಾಗ ಅವರ ಕಾಲು ನೆಲದ ಮೇಲೆ ತಾನಾಗಿ ಒಮ್ಮೆ ತುಳಿಯಿತು, ಮಗ್ಗದಲ್ಲಿದ್ದಂತೆ. "ಇಲ್ಲಿ ನಿಲ್ತಿತ್ತು," ಅಂದರು. "ಇಲ್ಲಿ ಒಂದು ಕೆಂಪು ಬರ್ತಿತ್ತು." ಗಿಳಿಯ ಕಣ್ಣಿನ ಸಾಲಿಗೆ ಬಂದಾಗ ಕೈ ತಡೆದರು. ಕಣ್ಣು ಎರಡು ಚೌಕವೋ ಮೂರೋ. ಬಾಲ ಆರೋ ಏಳೋ. ಒಮ್ಮೆ ಆರು ಅಂದರು, ಅಳಿಸಿ ಏಳು ಅಂದರು, ಆಮೇಲೆ ನನ್ನ ಮುಖ ನೋಡಿದರು. ನನಗೇನು ಗೊತ್ತು. ಸುಡಿಸಿದವನು ನಾನು.

ಏಳು ಹಾಕಿ, ಪಕ್ಕದಲ್ಲಿ ಸಣ್ಣಗೆ "ಊಹೆ" ಎಂದು ಬರೆದೆ. ಯಂತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಲ್ಲಿ ಚೌಕ ತುಂಬಿರುತ್ತದೆ, ಇಲ್ಲವೇ ಖಾಲಿ.

ಕೊನೆಯ ಗಿಳಿ ಮುಗಿದಾಗ ಅದು ತಿರುಗಿ ನೋಡುತ್ತಿತ್ತೋ, ಕುತ್ತಿಗೆ ಮುರಿದುಕೊಂಡಿತ್ತೋ ಹೇಳುವುದು ಕಷ್ಟ. ಈಶ್ವರಮ್ಮ ಹಾಳೆಯನ್ನು ದೂರ ಹಿಡಿದು ನೋಡಿ, "ನಮ್ಮ ಮಾವನ್ನ ಕಂಡು ಹೆದ್ರಿದಂಗೈತೆ," ಅಂದರು. ಆಮೇಲೆ ತಲೆಯೆತ್ತಿ, "ಆರಿಸಿದ್ಯಾ?" ಎಂದು ಕೇಳಿದರು.

ಕೋಣೆಯಲ್ಲಿ ಸದ್ದಿರಲಿಲ್ಲ. ಪರದೆ ಕಪ್ಪಾಗಿತ್ತು. ಯುಪಿಎಸ್ಸಿನ ಕೂಗು ಯಾವಾಗ ನಿಂತಿತೋ ಗೊತ್ತಿಲ್ಲ. ಮಾರುತಿಯ ಇನ್ವರ್ಟರು ನನ್ನ ಕಾಲ ಬಳಿಯೇ ಇತ್ತು, ಯುಪಿಎಸ್ಸಿನ ತಂತಿ ಇನ್ನೂ ಗೋಡೆಯಲ್ಲೇ.

ಅವರು ಎದ್ದು ತಟ್ಟೆ ತೆಗೆದುಕೊಂಡು ಯಂತ್ರಕ್ಕೆ ಕುಂಕುಮ ಹಚ್ಚಿದರು, ಹೂವಿಟ್ಟರು. ಹೊಸ ಹಾಳೆಗೆ ಹಚ್ಚಲು ಬಂದಾಗ ನಾನು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಹಚ್ಚಿ ತಂದದ್ದೆಲ್ಲ ಸುಟ್ಟುಹೋದದ್ದು ಕಣ್ಣ ಮುಂದೆ ಬಂತು. ಅವರು ನನ್ನ ಹಣೆಗೆ ಹಚ್ಚಿ ಹೋದರು.

೪ ಅಕ್ಟೋಬರ್, ಶನಿವಾರ

ನಿನ್ನೆ ಒಮ್ಮೆ ಒತ್ತಿ ನೋಡಿದೆ. ಟಕ್, ಟಕ್, ಟಕ್. ಕಪ್ಪು ಪರದೆಯಲ್ಲಿ ಒಂದು ಬಿಳಿ ಗೆರೆ. ಡಿಸ್ಕ್ ಬಿಚ್ಚಿ ಮಾರುತಿಗೆ ಕೊಟ್ಟೆ. ಏನಾದರೂ ಸಿಕ್ಕರೆ ಸಿಗಲಿ ಎಂದೆ. "ಸಿಕ್ರೂ ಬೀಗ ಐತಲ್ಲಣ್ಣ," ಅಂದ ಅವನು. ನಾನು ಹೇಳದೆ ಬಿಟ್ಟದ್ದು ಬೇರೆ: ಸಿಕ್ಕರೂ ಅದು ಆ ಮನೆಯವರ ಅಂಚಲ್ಲದಿರಬಹುದು. ನಲವತ್ತೊಂದರಲ್ಲಿ ಎಷ್ಟಕ್ಕೆ ಕನ್ನಡಿ ಒತ್ತಿದೆನೆಂದು ನೆನಪಿಲ್ಲ. ಇಷ್ಟು ದಿನ ಡಿಸ್ಕಿಗೆ ಹೆದರಿದ್ದೆ. ಅದು ಸುಲಭವಿತ್ತು. ಒಂದು ತಂತಿ, ಒಂದು ಬ್ಯಾಟರಿ, ಕಾಯುವುದಕ್ಕೆ ಒಂದು ವಸ್ತು.

ಈಶ್ವರಮ್ಮನವರ ಹಾಳೆಯಿಂದ ಕೈಯಲ್ಲೇ ತೂತು ಹೊಡೆದ ಕಾರ್ಡು ಅರ್ಧ ಆಗಿದೆ. ಉಳಿದದ್ದು ಸೋಮವಾರ.

ವಿಷಯ ಹೇಳಿ, ನೆನಪಿನಿಂದಲೇ ಅಂಚು ಬಿಡಿಸಿಕೊಳ್ಳಬೇಕಾದ ಮನೆಗಳ ಪಟ್ಟಿ ಬರೆದೆ. ಮೊದಲ ಹೆಸರು ಓಬಣ್ಣ. ಗ್ರಾಫ್ ಹಾಳೆ, ಪೆನ್ಸಿಲು, ಎರಡು ರಬ್ಬರು ತೆಗೆದುಕೊಂಡೆ. ಬೀದಿ ದಾಟಲು ಇಪ್ಪತ್ತು ಹೆಜ್ಜೆ. ಓಬಣ್ಣನವರಿಗೆ ಎಂಬತ್ತೆರಡು ವರ್ಷ. ಹೋದ ವರ್ಷದಿಂದ ಎಷ್ಟೋ ಸಂಗತಿಗಳನ್ನು ಮರೆಯುತ್ತಾರೆಂದು ಅವರ ಸೊಸೆ ಹೇಳಿದ್ದಳು. ಅವತ್ತು ನನ್ನ ಚಪ್ಪಲಿಗಳನ್ನು ಮಾತ್ರ ಮರೆತಿರಲಿಲ್ಲ.

ಕದ ತಟ್ಟಿದೆ. ಒಳಗೆ ಮಗ್ಗ ನಿಂತಿತು.

"ಎವರು?"

"ನೇನೇ," ಅಂದೆ, ನಾನೇ ಎಂದು ಅವರ ಮಾತಿನಲ್ಲಿ.

ಹೆಜ್ಜೆಗಳು ನಿಧಾನವಾಗಿ ಬರುತ್ತಿದ್ದವು. ಎಣಿಸಿದೆ. ಒಕಟಿ, ರೆಂಡು, ಮೂಡು. ನಾಲ್ಕಕ್ಕೆ ನಿಂತವು. ಒಳಗಿನಿಂದ ಚಿಲಕ ಟಕ್ ಎಂದಿತು.